ಏಣಿಯಣ್ಣನ ನೀರುಪವಾಸ

ಅಗ್ನಿಶಾಮಕ ಠಾಣೆಯ ಉದ್ದ ಏಣಿ ಹತ್ತುವವರು ತೊಂಬತ್ತು ಕಿಲೋ ಮೀರಬಾರದೆಂಬ ನಿಯಮ ಬಂದ ವಾರವೇ ಏಣಿಯಣ್ಣ ತೊಂಬತ್ತೊಂದು ತೂಗಿದ. ಹದಿನೆಂಟು ವರ್ಷ ಆ ತುದಿಯಲ್ಲಿ ನಿಂತವನು. ಇಂದು ಸಂಜೆ ಐದಕ್ಕೆ ಮತ್ತೆ ತೂಕ. ತಪ್ಪಿದರೆ ಟೆಲಿಫೋನಿನ ಮುಂದೆ ಕುರ್ಚಿ. ಅವನಿಗೆ ಜೀವ ಹೋದಷ್ಟೇ ಸಂಕಟವಾಯಿತು. ನಿನ್ನೆ ಬೆಳಗಿನಿಂದ ಬರೀ ನೀರು ಕುಡಿದು, ಬಿಸಿಲಲ್ಲಿ ಅಂಗಳ ಸುತ್ತುತ್ತಿದ್ದ.

ಠಾಣೆಯ ಡ್ರೈವರ್‌ನ ಹೆಂಡತಿ ನರ್ಸು. ಆ ಧೈರ್ಯದಲ್ಲಿ ಅವನು ಅರ್ಧ ಡಾಕ್ಟರು.

“ಬರೀ ನೀರು ಸಾಲಲ್ಲ ಮಾರಾಯ. ಬೆವರಲ್ಲಿ ಉಪ್ಪೆಲ್ಲ ಹೋಗುತ್ತೆ. ಸೋಡಿಯಂ, ಪೊಟ್ಯಾಶಿಯಂ ಕಮ್ಮಿ ಆದ್ರೆ ಕೈಕಾಲು ಹೇಳಿದ ಮಾತು ಕೇಳಲ್ಲ. ಈ ಉಪ್ಪುನೀರಾದ್ರೂ ಕುಡಿ.”

ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ, ತೂಕ ಏರುತ್ತದೆ ಎಂದು ಎಲ್ಲೋ ಓದಿದ್ದ ಏಣಿಯಣ್ಣ ಲೋಟ ದೂಡಿದ. ಅಡುಗೆಯವನು ಬಾಳೆಹಣ್ಣು ಹಿಡಿದು ಮೂರು ಸಲ ಹಿಂದೆ ಬಿದ್ದ, ಒಮ್ಮೆ ಬಚ್ಚಲ ಬಾಗಿಲವರೆಗೂ. ಇವರಿಬ್ಬರಿಗೂ ತನ್ನ ಜಾಗದ ಮೇಲೆ ಕಣ್ಣಿದೆ ಎಂದು ಏಣಿಯಣ್ಣನಿಗೆ ಖಾತ್ರಿಯಾಯಿತು.

ಐದಕ್ಕೆ ಸಾಹೇಬರ ಎದುರು ಕಣ್ಣು ಮುಚ್ಚಿ ತೂಕದ ಯಂತ್ರ ಹತ್ತಿದ. ಮುಳ್ಳು ಎಂಬತ್ತಾರಕ್ಕೆ ನಿಂತಿತು. ಅವನಿಗೆ ಸ್ವರ್ಗ ಮೂರೇ ಗೇಣು. ಸಾಹೇಬರೂ ಖುಷಿಯಾಗಿ, ಹಾಗಾದರೆ ಒಮ್ಮೆ ಹತ್ತಿ ತೋರಿಸು ಎಂದರು.

ಹಾಡು ಗುನುಗುತ್ತ ತುದಿ ಮುಟ್ಟಿದ. ಅಲ್ಲಿ ಎರಡೂ ಮೀನಖಂಡಗಳು ಒಟ್ಟಿಗೆ ಹಿಡಿದುಕೊಂಡವು. ಮೇಲಕ್ಕಿಲ್ಲ, ಕೆಳಕ್ಕಿಲ್ಲ, ಮರ ಹತ್ತಿದ ಬೆಕ್ಕಿನಂತೆ ಏಣಿಯನ್ನು ತಬ್ಬಿಕೊಂಡ. ಬೀದಿಯ ಜನವೆಲ್ಲ ನೆರೆದು, ಒಬ್ಬೊಬ್ಬರು ಒಂದೊಂದು ಉಪಾಯ ಕೂಗತೊಡಗಿದರು. ಕೊನೆಗೆ ಠಾಣೆಗೆ ಹೊಸದಾಗಿ ಸೇರಿದ ಹುಡುಗಿ ಹತ್ತಿ, ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದಳು.

ನಾಳೆಯಿಂದ ಏಣಿ ಅವಳಿಗೆ, ಟೆಲಿಫೋನು ನಿನಗೆ ಎಂದು ಸಾಹೇಬರು ಹೊರಟುಹೋದರು.

ಉಪ್ಪುನೀರು ಕುಡಿಸಿ ಕಾಲು ತಿಕ್ಕುತ್ತಿದ್ದ ಡ್ರೈವರ್ ಆಚೀಚೆ ನೋಡಿ ಪಿಸುಗುಟ್ಟಿದ: “ಎರಡು ದಿನದಿಂದ ತಿನ್ನು ತಿನ್ನು ಅಂತ ಬಡ್ಕೊಂಡಿದ್ದು ಇದಕ್ಕೇ. ಆ ತೂಕದ ಮುಳ್ಳನ್ನ ನಾನೂ ಅಡುಗೆಯವನೂ ಮೊನ್ನೇನೇ ಮೂರು ಕಿಲೋ ಹಿಂದಕ್ಕೆ ಸರಿಸಿದ್ವಿ.”

“ಹೇಳೋಕೇನಾಗಿತ್ತು?”

“ಹೇಳಿದ್ರೆ ಹರಿಶ್ಚಂದ್ರನ ಹಾಗೆ ನೆಟ್ಟಗೆ ಸಾಹೇಬ್ರ ಹತ್ರ ಹೋಗ್ತಿದ್ದೆ.”

ಅದು ನಿಜವೇ. ಈಗ ಹೇಳಿದರೆ ಇವರಿಬ್ಬರ ಕೆಲಸವೂ ಹೋಗುತ್ತದೆ. ಏಣಿಯಣ್ಣ ಅಡುಗೆಯವನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು, ಜೀವನದಲ್ಲಿ ಮೊದಲ ಸಲ ಸತ್ಯವನ್ನು ಅದರ ಜೊತೆಗೇ ನುಂಗಿದ.