ಗಂಟಲ ಗಡ್ಡೆ ತೆಗೆಸಿ ಹಾಜರಿ ಕೂಗಲು ಹೋದದ್ದು

ಕತ್ತಿನ ಮೇಲೆ ಹೊಲಿಗೆಯ ಗುರುತು ಇದ್ದವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ. ದಿನಕ್ಕೊಂದು ತಮಾಷೆ ಆಗಿಯೇ ಆಗುತ್ತದೆ. ಆಗ ನಾನು ಚಿನ್ನದ ಗಣಿಯಲ್ಲಿ ಗುಮಾಸ್ತ. ಕೆಳಗಿಳಿಯುವ ಕೂಲಿಗಳ ಹೆಸರು ಕೂಗಿ ಹಾಜರಿ ಹಾಕುವುದು ನನ್ನ ಕೆಲಸ. ಥೈರಾಯ್ಡ್ ಕ್ಯಾನ್ಸರ್ ಎಂದು ಮದರಾಸಿನಲ್ಲಿ ಗಡ್ಡೆ ತೆಗೆದರು. ಜೀವ ಉಳಿಯಿತು, ದನಿ ಮಾತ್ರ ಪಿಸುಮಾತಿಗಿಳಿಯಿತು.

೧. ಗೇಟು

ಡಾಕ್ಟರ ಚೀಟಿ ಕೊಡಲು ಹೋದಾಗ ಗಣಿಯ ಸಾಹೇಬರು, "ಹೆಸರು ಕೂಗೋಕಾಗದಿದ್ರೆ ಇಟ್ಕೊಳ್ಳೋದು ಕಷ್ಟ. ನಾಳೆ ಒಂದಿನ ನೋಡ್ತೀನಿ" ಎಂದರು.

ಹೊರಬರುವಾಗ ಗೇಟಿನ ಕಾವಲಿನವನು ತಡೆದ. ಯಾರಾದರೂ ಚಿನ್ನ ಸಾಗಿಸಿಯಾರೆಂದು ಬುತ್ತಿಯ ಮುದ್ದೆಯನ್ನೂ ಮುರಿದು ನೋಡುವ ಆಸಾಮಿ.

"ಕತ್ತಿಗೇನಾಯ್ತು ಸಾರ್?"

"ಒಳಗೆ ಗಡ್ಡೆ ಇತ್ತು. ಮದರಾಸಲ್ಲಿ ತೆಗೆದ್ರು."

"ಎಷ್ಟು ದಿನದಿಂದ ಇತ್ತು?"

"ವರ್ಷದ ಮೇಲಾಗಿತ್ತಂತೆ."

ಅವನ ಮುಖ ಸಪ್ಪಗಾಯಿತು. "ವರ್ಷವೆಲ್ಲ ದಿನಾ ನನ್ನ ಮುಂದೇನೇ ದಾಟಿಸ್ಕೊಂಡು ಹೋದ್ರಿ, ನಂಗೆ ಸಿಗ್ಲೇ ಇಲ್ವಲ್ಲ ಸಾರ್!"

೨. ರೈಲು

ಮರುದಿನ ಬಂಗಾರಪೇಟೆಯಲ್ಲಿ ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಎದುರಿಗೆ ಕೂತ ಹಳ್ಳಿಯ ಅಜ್ಜಿ ಬಗ್ಗಿ ಬಗ್ಗಿ ನನ್ನ ಕತ್ತು ನೋಡಿದಳು.

"ಯಾರ್ ಮಗಾ ಇಂಗೆ ಕುಯ್ದೋನು?"

ಮಾತು ಉಳಿಸಿಕೊಳ್ಳಬೇಕಿತ್ತು. "ಮದರಾಸಿನೋನಜ್ಜಿ" ಎಂದೆ.

"ಪೋಲೀಸ್ನೋರ್ಗೆ ಯೋಳ್ದ್ಯಾ?"

"ಇಲ್ಲ, ಕೈ ಮುಗಿದು ಬಂದೆ."

ಅಜ್ಜಿ ಕೆನ್ನೆ ಬಡಿದುಕೊಂಡಳು. "ಅಯ್ಯೋ, ಇಷ್ಟೊಂದು ಮೆತ್ತಗಿರಬಾರ್ದು ಕಣ್ ಮಗಾ!"

೩. ಹಾಜರಿ

ಹಿಂದೆ ನಾನು ಗಂಟಲು ಹರಿಯುವಂತೆ ಕೂಗಿದರೂ ಕೂಲಿಗಳು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹರಟುತ್ತಿದ್ದರು. ಅವತ್ತು ಪುಸ್ತಕ ತೆಗೆದು ಮೊದಲ ಹೆಸರು ಉಸುರಿದೆ. ಮುಂದಿನ ಸಾಲಿನವನು ಹಿಂದಕ್ಕೆ ತಿರುಗಿ, "ಶ್! ಸಾರ್‌ಗೆ ಕೂಗಕ್ಕಾಗಲ್ಲ ಕಣ್ರಲಾ" ಎಂದ. ಹೊಸದೇನೋ ನೋಡುವವರಂತೆ ಎಲ್ಲರೂ ಕತ್ತು ಚಾಚಿದರು. ನಾನು ಪಿಸುಗುಟ್ಟಿದೆ, ಅವರೂ, "ಇದೀನಿ ಸಾರ್" ಎಂದು ಪಿಸುಗುಟ್ಟಿದರು. ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಸಾಹೇಬರು ಏದುಸಿರು ಬಿಡುತ್ತಾ ಓಡಿಬಂದರು. ಗಲಾಟೆ ಕೇಳಿಸದಿದ್ದುದಕ್ಕೆ ಕೂಲಿಗಳು ಮುಷ್ಕರ ಹೂಡಿದರೆಂದು ಹೆದರಿದ್ದರಂತೆ! ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ತುದಿಗಾಲಲ್ಲಿ ನನ್ನ ಹತ್ತಿರ ಬಂದು ಕಿವಿಯಲ್ಲಿ, "ನಾಳೆಯಿಂದಾನೂ ನೀವೇ ಕೂಗಿ" ಎಂದರು.

"ಸಾರ್, ನಿಮ್ಮ ಗಂಟಲಿಗೇನಾಯ್ತು?" ಎಂದೆ.

ಅವರು ಇನ್ನೂ ಮೆಲ್ಲಗೆ, "ಏನೂ ಆಗಿಲ್ಲಪ್ಪ. ಜೋರಾಗಿ ಮಾತಾಡಿದ್ರೆ ಇವರೆಲ್ಲ ಬೈತಾರೇನೋ ಅಂತ!"