ಎಲ್ಲರೂ ಗಂಡಿನ ಕಡೆಯವರೇ!

ಜನರನ್ನು ಒಂದುಗೂಡಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ದೃಢವಾಗಿ ನಂಬಿದ್ದ ಕಾಲ. ಎಪ್ಪತ್ತರ ದಶಕ. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದೆ. ನಮ್ಮ ರೈಲ್ವೆ ಕ್ವಾರ್ಟರ್ಸಿನವರು ಊರಿನವರ ಜೊತೆ ಮಾತಾಡುತ್ತಿರಲಿಲ್ಲ. ಊರಿನವರು ಕ್ವಾರ್ಟರ್ಸಿನ ಕಡೆ ತಲೆಯೇ ಹಾಕುತ್ತಿರಲಿಲ್ಲ.

"ಮೂರು ವರ್ಷ ಆತು, ಹಾಲಿನೋನು ಬಿಟ್ರೆ ನಮ್ಮನೆಗೆ ಒಂದು ನರಪಿಳ್ಳೆ ಬಂದಿಲ್ಲ. ನನ್ನ ತವರಿಗಾದ್ರೂ ಕಳಿಸ್ರಿ" ಎಂದು ಹೆಂಡತಿ ಗಿರಿಜೆ ಕಣ್ಣೊರೆಸಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು. ಒಂದು ತಿಂಗಳ ವಾಯಿದೆ ಕೇಳಿದೆ.

ಹಾಗೆ ಹುಟ್ಟಿದ್ದೇ ವೇಷದಾಟದ ಸಂಘ. ರಂಗಸ್ಥಳವಿಲ್ಲ, ಬಾಯಿಪಾಠವಿಲ್ಲ, ಪ್ರೇಕ್ಷಕರೂ ಇಲ್ಲ. ಬಂದವರೆಲ್ಲ ಒಂದೊಂದು ಪಾತ್ರವಾಗಿ ಮಧ್ಯಾಹ್ನವಿಡೀ ಬದುಕುವುದು! ಮೊದಲ ಆಟ, ಮದುವೆ ಮನೆ. ಕಾರ್ಬನ್ ಕಾಗದ ಇಟ್ಟು ನಿಯಮ ಬರೆದು ಕ್ವಾರ್ಟರ್ಸಿಗೂ ಊರಿಗೂ ಹಂಚಿದೆ. ಒಂದು: ಬಂದವರನ್ನು ಯಾರೂ ವಾಪಸು ಕಳಿಸತಕ್ಕದ್ದಲ್ಲ. ಎರಡು: ಪ್ರತಿಯೊಬ್ಬರೂ ತಮಗೆ ಇಷ್ಟವಾದ ಪಾತ್ರವನ್ನೇ ತೆಗೆದುಕೊಳ್ಳತಕ್ಕದ್ದು. ಮೂರು: ಅಧ್ಯಕ್ಷರು ಸೀಟಿ ಊದುವವರೆಗೆ ಪಾತ್ರ ಬಿಡತಕ್ಕದ್ದಲ್ಲ. ಅಧ್ಯಕ್ಷ ನಾನೇ.

ಭಾನುವಾರ ಗೂಡ್ಸ್ ಶೆಡ್ಡಿನ ಹಿಂದಿನ ಹುಣಸೆಮರದ ಕೆಳಗೆ ಮೂವತ್ತು ಜನ ಸೇರಿದರು. ನನ್ನ ಎದೆ ಉಬ್ಬಿತು. ಪಾತ್ರ ಕೇಳುತ್ತ ಬಂದೆ.

"ನಾನು ಗಂಡಿನ ಅಪ್ಪ" ಎಂದರು ಕುರಿ ಸಾಕುವ ರುದ್ರಪ್ಪ.

"ನಾನು ಗಂಡಿನ ಸೋದರಮಾವ" ಎಂದರು ಕೊಡೆ ರಿಪೇರಿಯ ಬಾಷಾ ಸಾಬರು.

ಉಳಿದವರೂ ಗಂಡಿನ ಚಿಕ್ಕಪ್ಪ, ದೊಡ್ಡಮ್ಮ, ಭಾವ! ನಮ್ಮ ಕಡೆ ಬೀಗರ ಪಾತ್ರ ಬಿಟ್ಟು, ಕಾಲಿಗೆ ನೀರು ಕೊಡುವ ಹೆಣ್ಣಿನ ಕಡೆಗೆ ಯಾರು ತಾನೇ ಬರುತ್ತಾರೆ? ಎರಡನೆಯ ನಿಯಮದ ಪ್ರಕಾರ ಯಾರನ್ನೂ ಬದಲಾಯಿಸುವಂತಿಲ್ಲ. ಕೊನೆಗೆ ಹೆಣ್ಣಿನ ತಂದೆ, ತಾಯಿ, ಬಂಧು ಬಳಗವೆಲ್ಲ ನಾನೊಬ್ಬನೇ. ಮದುಮಗನೂ ಇರಲಿಲ್ಲ, ಮದುಮಗಳೂ ಇರಲಿಲ್ಲ!

ಆಟ ಶುರುವಾದ ಐದೇ ನಿಮಿಷಕ್ಕೆ ಬೀಗರು ಮುನಿಸಿಕೊಂಡರು.

"ಗಂಡಿಗೆ ವಾಚು ಎಲ್ಲೈತ್ರಿ?" ಎಂದರು ರುದ್ರಪ್ಪ.

"ಗಂಡೇ ಇಲ್ಲವಲ್ಲ!"

"ಗಂಡು ಇಲ್ದಿದ್ರೆ ಏನಾತು? ಮರ್ಯಾದೆ ಇರಬ್ಯಾಡ್ವ?"

ಬಾಷಾ ಸಾಬರು ಎದ್ದು ನಿಂತರು. "ಬಂದು ಅರ್ಧ ಗಂಟೆ ಆತು. ಒಂದ್ಲೋಟ ಕಾಫಿ ಇಲ್ಲ! ನಡೀರಪ್ಪ, ಹೋಗಾಣ."

ಆಟ ಕೈ ಮೀರುತ್ತಿದೆ ಎಂದು ಗಾಬರಿಯಾಗಿ, ರೈಲಿನ ಗಾರ್ಡ್ ಹತ್ತಿರ ಕಡ ತಂದಿದ್ದ ಸೀಟಿಯನ್ನು ತುಟಿಗಿಟ್ಟೆ. ರುದ್ರಪ್ಪ ಅದನ್ನು ಕಿತ್ತುಕೊಂಡೇ ಬಿಟ್ಟರು. "ಬೀಗರ ಮುಂದೆ ಹೆಣ್ಣಿನ ಅಪ್ಪ ಸೀಟಿ ಊದ್ತಾನೇನ್ರಿ? ತಗ್ಗಿ ಬಗ್ಗಿ ನಡೀಬೇಕು!"

ಮಾತು ನ್ಯಾಯವಾಗಿತ್ತು. ಅಧ್ಯಕ್ಷನಾಗಿ ಅವರ ಅಭಿನಯವನ್ನು ಮೆಚ್ಚಿದೆ. ಹೆಣ್ಣಿನ ತಂದೆಯಾಗಿ ಕೈ ಮುಗಿದು, ಮೂವತ್ತು ಬೀಗರನ್ನು ಕರೆದುಕೊಂಡು ಮನೆಗೆ ಹೊರಟೆ.

ಬಾಗಿಲು ತೆರೆದ ಗಿರಿಜೆ ನನ್ನನ್ನು ನೋಡಿದ ನೋಟಕ್ಕೆ ಯಾವ ನಿಯಮದಲ್ಲೂ ಪರಿಹಾರವಿರಲಿಲ್ಲ. ಮನೆಯಲ್ಲಿದ್ದದ್ದು ಎರಡು ಸೇರು ರವೆ. ಆದರೆ ಅಡುಗೆಮನೆಗೆ ಹೊಕ್ಕ ಗಂಡಿನ ದೊಡ್ಡಮ್ಮ, ಚಿಕ್ಕಮ್ಮಂದಿರು ಅಲ್ಲೇ ಪಾತ್ರ ಬಿಟ್ಟು, ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚತೊಡಗಿದರು. "ಅಕ್ಕ, ಒಗ್ಗರಣೆ ನಾನು ಹಾಕ್ತೀನಿ" ಎಂಬ ದನಿ ಬಂತು, ಅದರ ಹಿಂದೆಯೇ ಗಿರಿಜೆಯ ನಗು. ಮೂರು ವರ್ಷದಿಂದ ಕೇಳದಿದ್ದ ನಗು! ಸಂಘ ಗೆದ್ದಿತು ಎಂದು ನನಗೆ ಕಣ್ಣು ತುಂಬಿ ಬಂತು. ಉಪ್ಪಿಟ್ಟು ಮಾತ್ರ ನನ್ನ ಪಾಲಿಗೆ ಉಳಿಯಲಿಲ್ಲ.

ಮುಂದಿನ ಭಾನುವಾರ ಹೊಸ ನಿಯಮಾವಳಿ ಹಿಡಿದು ಹುಣಸೆಮರದ ಕೆಳಗೆ ಎರಡು ಗಂಟೆ ಕಾದೆ. ಒಬ್ಬರೂ ಬರಲಿಲ್ಲ. ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದರೆ ಬಾಗಿಲ ತುಂಬ ಚಪ್ಪಲಿ! ಒಳಗೆ ಗಿರಿಜೆಯ ಸುತ್ತ ಕ್ವಾರ್ಟರ್ಸೂ ಊರೂ ಒಂದಾಗಿ ಮಂಡಕ್ಕಿ ತಿನ್ನುತ್ತಿತ್ತು. ಯಾರಿಗೂ ಯಾವ ಪಾತ್ರವೂ ಇರಲಿಲ್ಲ.

ಹೊಸ್ತಿಲಲ್ಲೇ ನಿಂತೆ. ನಾನು ಎಂದೂ ನೋಡಿರದ ಹೆಂಗಸೊಬ್ಬಳು ನನ್ನ ಕಡೆ ತಿರುಗಿ, ಬಹಳ ಅಕ್ಕರೆಯಿಂದ ಅಂದಳು: "ಬರ್ರಿ, ಬರ್ರಿ. ಹೊಸಬರು ಅಂತ ಸಂಕೋಚ ಮಾಡ್ಕಬ್ಯಾಡ್ರಿ. ಇದು ನಿಮ್ಮನೆ ಅಂತ್ಲೇ ತಿಳ್ಕಂಡು ಕುಂತ್ಕಳ್ರಿ."

ಅಧ್ಯಕ್ಷರು ನಿಯಮಾವಳಿಯನ್ನು ಮಡಚಿ ಜೇಬಿಗಿಟ್ಟು, ಬಾಗಿಲ ಮೂಲೆಯಲ್ಲಿ ಸಂಕೋಚದಿಂದ ಕುಳಿತರು.