ನೇರ ಗೆರೆ ಎಳೆಯಲೊಪ್ಪದ ಆಸಿಲ್ಲೋಸ್ಕೋಪಿನವರಿಗೆ

ಮೇಜಿನ ಬಲಗಡೆ, ಬೆಸುಗೆ ಕಡ್ಡಿಯ ಪಕ್ಕದಲ್ಲಿ ವಿರಾಜಮಾನರಾಗಿರುವ ಮಾನ್ಯ ಡಿಜಿಟಲ್ ಆಸಿಲ್ಲೋಸ್ಕೋಪ್ ಅವರ ಸನ್ನಿಧಾನಕ್ಕೆ, ಅದೇ ಮೇಜಿನ ಎಡಗಡೆ ತಲೆಯ ಮೇಲೆ ಕೈ ಹೊತ್ತು ಕುಳಿತಿರುವ ಬಡಪಾಯಿಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ಬರೆದು ತೋರಿಸುವ ತಮ್ಮ ವಂಶದ ಹಿರಿಯರು ನನ್ನ ಕೈಗೆ ಎಟುಕುವವರಲ್ಲವಾದ್ದರಿಂದ, ಅಂಗೈಯಗಲದ ಅಗ್ಗದ ತಮ್ಮನ್ನೇ ಬರಮಾಡಿಕೊಂಡೆ. ಕಾರಣ, ಸಂಗೀತ ಹೇಳಿಕೊಡುವ ನಮ್ಮಕ್ಕನ ಆಂಪ್ಲಿಫೈಯರ್. ಮಕ್ಕಳು ಬಾಯಿ ತೆರೆಯುವ ಮೊದಲೇ ಅದು ಗುಂಯ್ ಎಂದು ತನ್ನದೇ ಶ್ರುತಿ ಹಿಡಿಯುತ್ತಿತ್ತು. ಭಾನುವಾರ ಆ ಮಕ್ಕಳ ಮೊದಲ ಕಾರ್ಯಕ್ರಮ. ಅಷ್ಟರೊಳಗೆ ಸರಿಮಾಡಿಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದೆ.

ತಾವು ಬಂದ ದಿನವೇ, ಉಬ್ಬಿಹೋಗಿದ್ದ ಒಂದು ಕೆಪಾಸಿಟರ್ ಬದಲಿಸಿದೆ. ಪಕ್ಕದ ಕೋಣೆಯಿಂದ ಅಕ್ಕ, "ನಿಂತೋಯ್ತಲ್ಲೋ ಗುಂಯ್ ಅನ್ನೋದು. ಸಾಕು, ಮುಚ್ಚು ಅದನ್ನ" ಎಂದಳು. ಆದರೆ ತಮ್ಮ ಪರದೆಯ ಮೇಲೆ ಅಲೆ ನಿಂತಿರಲಿಲ್ಲ. ಜೀವಮಾನವೆಲ್ಲ ಮಕ್ಕಳ ಅಪಸ್ವರ ಹಿಡಿದ ಕಿವಿಯನ್ನು ನಂಬುವುದೋ, ಆಗಷ್ಟೇ ಪ್ಲಾಸ್ಟಿಕ್ ಹೊದಿಕೆ ಕಳಚಿದ ತಮ್ಮನ್ನು ನಂಬುವುದೋ ಎಂಬ ಪ್ರಶ್ನೆ ಎದ್ದಾಗ, ಆಧುನಿಕನಾದ ನಾನು ತಮ್ಮನ್ನೇ ನಂಬಿದೆ. "ನಿಂಗೆ ಕೇಳಿಸಲ್ಲ ಕಣಕ್ಕ, ಇದಕ್ಕೆ ಕಾಣ್ಸುತ್ತೆ" ಎಂದು ಅವಳಿಗೆ ಬುದ್ಧಿಯನ್ನೂ ಹೇಳಿದೆ. ತಾವು ಅಲೆ ತೋರಿಸಿದಿರಿ, ನಾನು ಬಿಚ್ಚಿದೆ. ತಾವು ಮತ್ತೂ ತೋರಿಸಿದಿರಿ, ನಾನು ಮತ್ತೂ ಬಿಚ್ಚಿದೆ. ಶುಕ್ರವಾರದ ಹೊತ್ತಿಗೆ ಆಂಪ್ಲಿಫೈಯರ್ ಗುಂಯ್ ಎನ್ನುವುದಿರಲಿ, ಕಮಕ್ ಕಿಮಕ್ ಎನ್ನದೆ ಮಲಗಿತು. ಅಲೆ ಮಾತ್ರ ಸುಖವಾಗಿತ್ತು.

ಆಗ ಅಕ್ಕ ಬಂದು ಆಂಪ್ಲಿಫೈಯರಿನ ಪ್ಲಗ್ಗನ್ನೇ ಕಿತ್ತಳು. ಅಲೆ ಹಾಗೆಯೇ ಇತ್ತು. ನಾನು ತಮ್ಮ ಜೊತೆಗೆ ಪುಕ್ಕಟೆಯಾಗಿ ಬಂದಿದ್ದ ಅಡಾಪ್ಟರನ್ನು ತೆಗೆದು, ಪವರ್ ಬ್ಯಾಂಕಿನಿಂದ ತಮಗೆ ಜೀವ ಕೊಟ್ಟ ಕೂಡಲೇ ತಾವು ಏನೂ ಅರಿಯದ ಕೂಸಿನಂತೆ ನೇರ ಗೆರೆ ಎಳೆದಿರಿ. ಅಂದರೆ ಇಷ್ಟು ದಿನ ತಾವು ಶ್ರದ್ಧೆಯಿಂದ ತೋರಿಸುತ್ತಿದ್ದುದು ಆ ಪುಕ್ಕಟೆ ಅಡಾಪ್ಟರ್ ಎಬ್ಬಿಸಿದ ತಮ್ಮದೇ ಹೊಟ್ಟೆಯ ಗುಡುಗುಡು.

ಇಂಥ ಸತ್ಯಸಂಧತೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ವಾಪಸು ಕಳಿಸಲು ನಾಳೆಯೇ ಕಡೆಯ ದಿನವಾದ್ದರಿಂದ ಡಬ್ಬ, ಥರ್ಮಾಕೋಲ್ ಹುಡುಕಿಕೊಂಡು ಕುಳಿತೆ. ಕಂಪನಿಯವರು ಕಾರಣ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ ಎಂದು ದೂರುವುದು ಹೇಗೆ? ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ ಒಂದು ಗುಂಡಿಯನ್ನಾದರೂ ಕೆಡಿಸಿಕೊಳ್ಳಬೇಕು, ಇಲ್ಲವೇ ಆಂಪ್ಲಿಫೈಯರ್ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡಿತೆಂದು ಅಕ್ಕನೆದುರು ಒಂದು ಅಲೆಯ ಮೂಲಕ ಸಾಕ್ಷಿ ನುಡಿಯಬೇಕು ಎಂದು ಕೋರುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕ ಡಬ್ಬವನ್ನು ಕಿತ್ತುಕೊಂಡು, "ಇರ್ಲಿ ಬಿಡೋ ಪಾಪ. ತನ್ನ ತಪ್ಪನ್ನ ತಾನೇ ತೋರಿಸ್ಕೊಳ್ಳೋದು ಈ ಮನೇಲಿ ಅದೊಂದೇ" ಎಂದಳು. ಆ ಪ್ರಕಾರ ತಮ್ಮನ್ನು ಉಳಿಸಿಕೊಳ್ಳಲಾಗಿದೆ.

ತಮ್ಮ ಸೇವೆಗೆ ಪವರ್ ಬ್ಯಾಂಕ್ ಹಿಡಿದು ನಿಂತಿರುವ,
ತಮ್ಮ ವಿಶ್ವಾಸಿ

ತಾ.ಕ.: ಭಾನುವಾರ ಮಕ್ಕಳು ಮೈಕಿಲ್ಲದೆಯೇ ಹಾಡಿದರು, ಗಂಟಲು ಹರಿಯುವಂತೆ ಹಾಡಿದ್ದರಿಂದ ಕಡೆಯ ಸಾಲಿಗೂ ಕೇಳಿಸಿತು. ಕೊನೆಯಲ್ಲಿ ಅಕ್ಕ ವೇದಿಕೆಯಿಂದ, "ಧ್ವನಿ ವ್ಯವಸ್ಥೆ ಮಾಡಿಕೊಟ್ಟ ನನ್ನ ತಮ್ಮನಿಗೆ ವಿಶೇಷ ಧನ್ಯವಾದಗಳು" ಎಂದಳು. ಜನ ತಿರುಗಿ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಅದರಲ್ಲಿ ಅರ್ಧ ತಮ್ಮದು, ವಾಪಸು ಮಾಡುವಂತಿಲ್ಲ.